ಮುಖವಾಡದ ಇದ್ದಲಿನ ರಕ್ಷಣಾವಧಿ

ಬಣ್ಣ, ವಾರ್ನಿಷು, ಅಂಟು, ಔಷಧ ಮೊದಲಾದವುಗಳನ್ನು ತಯಾರಿಸುವ ಅಥವಾ ಬಳಸುವ ಕಾರ್ಖಾನೆಗಳಲ್ಲಿ ದುಡಿಯುವವರು ದ್ರಾವಕಗಳ ಆವಿಯ ನಡುವೆ ಉಸಿರಾಡಬೇಕಾಗುವುದು. ಆವಿಯನ್ನು ಹುಟ್ಟಿದೆಡೆಯಲ್ಲಿಯೇ ಸೆಳೆದು ಹೊರಗೆ ಸಾಗಿಸುವುದು ಎಲ್ಲಕ್ಕಿಂತ ಉತ್ತಮವಾದ ಉಪಾಯ. ಅದು ಸಾಧ್ಯವಿಲ್ಲದೆಡೆ, ಇಲ್ಲವೆ ಅದೊಂದೇ ಸಾಲದೆಡೆ, ಮುಖವಾಡವೇ ಗತಿ. ಈ ಮುಖವಾಡದ ಎರಡು ಪಕ್ಕಗಳಲ್ಲಿ ಒಂದೊಂದು ಚಿಕ್ಕ ಡಬ್ಬಿ ಇರುತ್ತದೆ. ಕಾರ್ಟ್ರಿಜ್ ಎಂದು ಕರೆಯಲ್ಪಡುವ ಈ ಡಬ್ಬಿಯೊಳಗೆ ಇರುವುದು ವಿಶೇಷವಾಗಿ ಸಿದ್ಧಗೊಳಿಸಿದ ಇದ್ದಲಿನ ಹರಳು. ಹೊರಗಿನ ಗಾಳಿ ಇದರ ಮೂಲಕ ಹಾದು ಬರುವಾಗ ಆವಿ ಇದ್ದಲಿನಲ್ಲಿ ನಿಲ್ಲುವುದು. ಶುದ್ಧವಾದ ಗಾಳಿ ಮೂಗನ್ನು ಸೇರುವುದು. ಆದರೆ ಎಣ್ಣೆ ತೀರಿದ ದೀಪ ಆರಿಹೋಗಿ ತನ್ನ ಸ್ಥಿತಿಯನ್ನು ತಾನೇ ತಿಳಿಸುವಂತೆ, ಶಕ್ತಿ ತೀರಿದ ಇದ್ದಲು ಯಾವ ಕುರುಹನ್ನೂ ತೋರಿಸುವುದಿಲ್ಲ. ಅದರ ಬಣ್ಣ ಬದಲಾಗದು, ಉಸಿರು ಬಿಗಿಯಾಗದು. ಹೀಗಿರಲು, ಡಬ್ಬಿಯನ್ನು ಯಾವಾಗ ಬದಲಾಯಿಸಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬೇಕಾಗುವುದು. ಆ ಲೆಕ್ಕದ ಕ್ರಮವನ್ನೂ ಅದರ ಮಿತಿಗಳನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ.

ಇದ್ದಲು ಅನಿಲಗಳನ್ನು ಹಿಡಿದಿಡುವುದೆಂಬುದನ್ನು ಸ್ವೀಡನ್ನಿನ ರಸಾಯನ ವಿಜ್ಞಾನಿ ಷೀಲೆ 1773ರಲ್ಲಿಯೇ ಕಂಡಿದ್ದನು. 1854ರಲ್ಲಿ ಸ್ಟೆನ್‌ಹೌಸ್ ಎಂಬಾತನು ಇದ್ದಲಿನ ಮುಖವಾಡವನ್ನು ರಚಿಸಿದನು. ಆದರೆ ಈ ವಿಷಯ ವಿಸ್ತಾರವಾದ ಶೋಧನೆಗೆ ಒಳಗಾದುದು 1915ರ ತರುವಾಯ. ಆ ವರ್ಷ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯವು ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಅದೇ ವರ್ಷ ರಷ್ಯದ ಜೆಲಿನ್‌ಸ್ಕಿ ಸಕ್ರಿಯ ಇದ್ದಲಿನ ಮುಖವಾಡವನ್ನು ಸಿದ್ಧಗೊಳಿಸಿದನು. ಅಮೆರಿಕದವರು ಯುದ್ಧಕ್ಕೆ ಸೇರಿದ ಬಳಿಕ ಮುಖವಾಡದ ಇದ್ದಲಿಗಾಗಿ ತೆಂಗಿನ ಚಿಪ್ಪನ್ನೂ ಹಣ್ಣಿನ ಗಟ್ಟಿ ಬೀಜಗಳನ್ನೂ ದೇಶದಲ್ಲೆಲ್ಲ ಸಂಗ್ರಹಿಸಿದರು. ಇಂದಿಗೂ ಇಂತಹ ಡಬ್ಬಿಗಳಿಗೆ ತೆಂಗಿನ ಚಿಪ್ಪಿನ ಇದ್ದಲು ಬಹಳ ಒಳ್ಳೆಯದೆಂದು ಎಣಿಕೆ. ಮುಖವಾಡ ಕಾಪಾಡುವುದೋ ಇಲ್ಲವೋ ಎಂಬ ಪ್ರಶ್ನೆ ಇತ್ಯರ್ಥವಾದೊಡನೆ, ಎಷ್ಟು ಹೊತ್ತು ಕಾಪಾಡುವುದು ಎಂಬ ಪ್ರಶ್ನೆ ಎದ್ದಿತು.

ಇದಕ್ಕೆ ಉತ್ತರ ಹುಡುಕುವ ಮೊದಲು ಇದ್ದಲಿನ ಗುಣವನ್ನು ಸ್ವಲ್ಪ ತಿಳಿಯಬೇಕು. ಸಾಮಾನ್ಯ ಇದ್ದಲನ್ನು ನೀರಾವಿಯಲ್ಲಿ ತೀವ್ರವಾಗಿ ಕಾಯಿಸಿದರೆ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆದುಕೊಳ್ಳುವುವು. ಹೀಗೆ ಸಕ್ರಿಯಗೊಂಡ ಒಂದು ಗ್ರಾಂ ಇದ್ದಲಿನ ಒಳಮೈಯನ್ನು ಹರಡಿದರೆ ಸುಮಾರು 1,000 ಚದರ ಮೀಟರು, ಎಂದರೆ ಹತ್ತು ಗುಂಟೆ ನೆಲದಷ್ಟು, ಆಗುವುದು. ಆವಿಯ ಅಣುಗಳು ಈ ಒಳಮೈಗೆ ಅಂಟಿಕೊಳ್ಳುತ್ತವೆ. ಈ ಕ್ರಿಯೆಗೆ ಅಧಿಶೋಷಣವೆಂದು ಹೆಸರು. ನೆಲ ಎಷ್ಟೇ ವಿಶಾಲವಾಗಿದ್ದರೂ ಅದಕ್ಕೊಂದು ಮೇರೆಯುಂಟು; ಇದ್ದಲಿನ ಆಯುಸ್ಸಿಗೆ ಮಿತಿ ಬಂದುದು ಇದರಿಂದಲೇ.

ಈಗ ಲೆಕ್ಕದ ಮೊದಲನೆಯ ಹೆಜ್ಜೆಯನ್ನು ನೋಡೋಣ. ಇದು ಜಮಾ-ಖರ್ಚಿನ ಲೆಕ್ಕದಂತೆ ಸರಳವಾದುದು. ಡಬ್ಬಿಯಲ್ಲಿರುವ ಇದ್ದಲು ಒಟ್ಟು ಎಷ್ಟು ಆವಿಯನ್ನು ಹಿಡಿಯಬಲ್ಲುದು ಎಂಬುದು ಒಂದು ಸಂಖ್ಯೆ. ನಿಮಿಷಕ್ಕೆ ಎಷ್ಟು ಆವಿ ಒಳಗೆ ಬರುತ್ತದೆ ಎಂಬುದು ಇನ್ನೊಂದು. ಇದು ಗಾಳಿಯಲ್ಲಿರುವ ಆವಿಯ ಸಾಂದ್ರತೆ ಮತ್ತು ನಿಮಿಷಕ್ಕೆ ಉಸಿರಾಡುವ ಗಾಳಿಯ ಗಾತ್ರ, ಇವೆರಡರ ಗುಣಲಬ್ಧ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಇದ್ದಲು ಪೂರ್ತಿಯಾಗಿ ತುಂಬಲು ಬೇಕಾಗುವ ಕಾಲ ಬರುತ್ತದೆ.

ಆದರೆ ಡಬ್ಬಿ ಪೂರ್ತಿಯಾಗಿ ತುಂಬುವವರೆಗೂ ಕಾಪಾಡುವುದೆಂದು ತಿಳಿದರೆ ಮೋಸಹೋಗುವೆವು. ಆವಿಯು ಇದ್ದಲಿನ ಪದರವನ್ನು ಒಂದು ಅಲೆಯಂತೆ ಹಾದುಹೋಗುವುದು. ಅಲೆಯ ಹಿಂದಿನ ಇದ್ದಲು ತುಂಬಿದೆ, ಮುಂದಿನದು ಬರಿದಾಗಿದೆ, ನಡುವೆ ತುಂಬುತ್ತಿರುವ ಒಂದು ಪಟ್ಟಿಯಿದೆ. ಈ ಪಟ್ಟಿಯ ಮುಂದಿನ ಅಂಚು ಪದರದ ಕೊನೆಯನ್ನು ಮುಟ್ಟಿದೊಡನೆ ಆವಿ ಹೊರಗೆ ನುಸುಳಲು ತೊಡಗುವುದು. ಆಗ ಹಿಂದಿನ ಇದ್ದಲಿನಲ್ಲಿ ಇನ್ನೂ ಸ್ವಲ್ಪ ಎಡೆ ಉಳಿದಿದ್ದರೂ ಉಸಿರಾಡುವವನಿಗೆ ಅದರಿಂದ ಪ್ರಯೋಜನವಿಲ್ಲ. 1920ರಲ್ಲಿ ಅಮೆರಿಕದ ಬೋಹಾರ್ಟ್ ಮತ್ತು ಆಡಮ್ಸ್ ಎಂಬುವರು ಕ್ಲೋರಿನ್ನಿನ ವಿಷಯದಲ್ಲಿ ಇದನ್ನು ಗಣಿತಕ್ಕೆ ಅಳವಡಿಸಿದರು. 1929ರಲ್ಲಿ ರಷ್ಯದ ಷಿಲೊವ್ ಮತ್ತು ಆತನ ಸಂಗಡಿಗರು ಇದೇ ತತ್ತ್ವವನ್ನು ಸುಲಭವಾದ ರೂಪದಲ್ಲಿ ಹೇಳಿದರು: ರಕ್ಷಣಾವಧಿಯು ಪದರದ ದಪ್ಪಕ್ಕೆ ತಕ್ಕಂತೆ ಹೆಚ್ಚುವುದು, ಆದರೆ ಅದರಿಂದ ‘ಕಳೆದುಹೋದ ಕಾಲ’ವನ್ನು ಯಾವಾಗಲೂ ಕಳೆಯಬೇಕು. ಇಂದು ಬಳಕೆಯಲ್ಲಿರುವ, ವೀಲರ್ ಮತ್ತು ಜೋನಸ್ ಅವರ ಹೆಸರನ್ನು ಪಡೆದಿರುವ ಸಮೀಕರಣದಲ್ಲಿಯೂ ಇವೇ ಎರಡು ಅಂಗಗಳುಂಟು: ಒಂದು ಇದ್ದಲಿನ ಹಿಡಿಯುವ ಶಕ್ತಿಯಿಂದ ಬರುವ ಕಾಲ, ಇನ್ನೊಂದು ಹಿಡಿಯುವ ವೇಗ ಸಾಲದುದರಿಂದ ನಷ್ಟವಾಗುವ ಕಾಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಬಣ್ಣದ ಕೆಲಸದಲ್ಲಿ ಸಾಮಾನ್ಯವಾದ ಟಾಲೀನ್ ಎಂಬ ದ್ರಾವಕದ ಆವಿ ಗಾಳಿಯಲ್ಲಿ ದಶಲಕ್ಷಕ್ಕೆ 200 ಭಾಗದಷ್ಟು ಇದೆಯೆಂದು ಇಟ್ಟುಕೊಳ್ಳೋಣ. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಇದು ಘನಮೀಟರಿಗೆ ಸುಮಾರು 754 ಮಿಲಿಗ್ರಾಂ ಆಗುವುದು. ಎರಡು ಡಬ್ಬಿಗಳಲ್ಲಿ ಒಟ್ಟು 80 ಗ್ರಾಂ ಇದ್ದಲಿದ್ದು, ಅದು ತನ್ನ ತೂಕದ ಕಾಲುಭಾಗದಷ್ಟು ಆವಿಯನ್ನು ಹಿಡಿಯುವುದೆಂದು ಭಾವಿಸಿದರೆ, ಒಟ್ಟು ಶಕ್ತಿ 20 ಗ್ರಾಂ. ಮಧ್ಯಮ ಶ್ರಮದ ಕೆಲಸಗಾರನು ನಿಮಿಷಕ್ಕೆ 30 ಲೀಟರು ಗಾಳಿಯನ್ನು ಸೇದಿದರೆ, ನಿಮಿಷಕ್ಕೆ 22.6 ಮಿಲಿಗ್ರಾಂ ಆವಿ ಡಬ್ಬಿಗೆ ಬರುವುದು. ಆದುದರಿಂದ ಪೂರ್ತಿ ತುಂಬುವ ಕಾಲ ಸುಮಾರು 885 ನಿಮಿಷ. ತುಂಬುತ್ತಿರುವ ಪಟ್ಟಿಗಾಗಿ ಐದರಲ್ಲೊಂದು ಪಾಲನ್ನು ಕಳೆದರೆ 708 ನಿಮಿಷ, ಎಂದರೆ ಹನ್ನೆರಡು ಗಂಟೆಗೆ ಸ್ವಲ್ಪ ಕಡಮೆ, ಉಳಿಯುವುದು.

ಈಗ ಅದೇ ಮನುಷ್ಯನು ಭಾರವನ್ನು ಹೊತ್ತು ದುಡಿಯುತ್ತ ನಿಮಿಷಕ್ಕೆ 60 ಲೀಟರು ಸೇದಿದನೆನ್ನೋಣ. ತುಂಬುವ ಕಾಲ ಅರ್ಧಕ್ಕೆ ಇಳಿದು ಸುಮಾರು 442 ನಿಮಿಷವಾಗುವುದು. ಗಾಳಿಯ ವೇಗ ಹೆಚ್ಚಿದುದರಿಂದ ಪಟ್ಟಿಯೂ ಅಗಲವಾಗಿ, ನಷ್ಟ ನೂರಕ್ಕೆ 30ರಷ್ಟಾದರೆ, ಉಳಿಯುವುದು 310 ನಿಮಿಷ. ಇದರ ಮೇಲೆ ಗಾಳಿಯಲ್ಲಿ ತೇವ ತುಂಬಿದ್ದರೆ ನೀರಿನ ಅಣುಗಳೂ ಇದ್ದಲಿನ ರಂಧ್ರಗಳನ್ನು ಆಕ್ರಮಿಸುವುವು. ಸಾಪೇಕ್ಷ ಆರ್ದ್ರತೆ ನೂರಕ್ಕೆ 85ನ್ನು ಮೀರಿದರೆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂದು ಸ್ಥೂಲನಿಯಮವೊಂದುಂಟು. ಮಂಗಳೂರು ಮೊದಲಾದ ನಮ್ಮ ಕರಾವಳಿಯ ಊರುಗಳಲ್ಲಿ ಮಳೆಗಾಲದಲ್ಲಿ ಇಂತಹ ತೇವ ಅಪರೂಪವಲ್ಲ. ಆಗ ಅವಧಿ 155 ನಿಮಿಷಕ್ಕೆ ಬರುವುದು. ಡಬ್ಬಿ ಅದೇ, ಆವಿ ಅದೇ, ಸಾಂದ್ರತೆ ಅದೇ. ಆದರೂ ಹನ್ನೆರಡು ಗಂಟೆಯು ಎರಡೂವರೆ ಗಂಟೆಯಾಯಿತು. ಇಲ್ಲಿ ಇದ್ದಲಿನ ಶಕ್ತಿಯನ್ನೂ ನಷ್ಟದ ಪಾಲನ್ನೂ ವಿವರಣೆಗಾಗಿ ಊಹಿಸಿಕೊಂಡಿದೆ. ನಿಜವಾದ ಕೆಲಸದಲ್ಲಿ ಡಬ್ಬಿ ತಯಾರಿಸಿದವರು ಕೊಡುವ ಅಂಕಿಗಳನ್ನೇ ಬಳಸತಕ್ಕದ್ದು. ಆದರೆ ಇದರಿಂದ ತಿಳಿಯುವ ನೀತಿ ಬದಲಾಗದು. ರಕ್ಷಣಾವಧಿ ಎಂಬುದು ಡಬ್ಬಿಯ ಗುಣವಲ್ಲ. ಡಬ್ಬಿ, ಆವಿ, ಹವೆ, ದುಡಿಮೆ, ಈ ನಾಲ್ಕೂ ಸೇರಿದ ಸಂದರ್ಭದ ಗುಣ.

ಆವಿಯ ಜಾತಿಯೂ ಬಹಳ ಮುಖ್ಯವಾದುದು. ಸಾಮಾನ್ಯವಾಗಿ, ಹೆಚ್ಚು ಉಷ್ಣದಲ್ಲಿ ಕುದಿಯುವ ದ್ರವದ ಆವಿಯನ್ನು ಇದ್ದಲು ಬಲವಾಗಿ ಹಿಡಿಯುವುದು. ಬೇಗ ಕುದಿಯುವುದನ್ನು ಸಡಿಲವಾಗಿ ಹಿಡಿಯುವುದು. ಕುದಿಬಿಂದು 70 ಡಿಗ್ರಿಯನ್ನು ಮೀರಿ, ಸಾಂದ್ರತೆ ದಶಲಕ್ಷಕ್ಕೆ 200 ಭಾಗದೊಳಗಿದ್ದರೆ, ಸಾಧಾರಣ ಶ್ರಮದಲ್ಲಿ ಎಂಟು ಗಂಟೆಗಳ ಅವಧಿಯನ್ನು ನಿರೀಕ್ಷಿಸಬಹುದೆಂಬುದು ಇನ್ನೊಂದು ಸ್ಥೂಲನಿಯಮ. ಮೆಥನಾಲಿನಂತಹ ಹಗುರವಾದ ಪದಾರ್ಥವಾದರೋ, ಟಾಲೀನನ್ನು ಗಂಟೆಗಟ್ಟಲೆ ತಡೆಯುವ ಡಬ್ಬಿಯನ್ನು ಅತಿ ಬೇಗನೆ ದಾಟಿಬಿಡುವುದು. ಸಾಂದ್ರತೆ ಹತ್ತರಲ್ಲೊಂದಕ್ಕೆ ಇಳಿದರೆ ಅವಧಿ ಹತ್ತು ಪಟ್ಟಾಗದೆ ಸುಮಾರು ಐದು ಪಟ್ಟು ಮಾತ್ರ ಆಗುವುದು. ತೆಳುವಾದ ಆವಿಯನ್ನು ಇದ್ದಲು ಅಷ್ಟು ಹೆಚ್ಚಾಗಿ ತುಂಬಿಕೊಳ್ಳದಿರುವುದೇ ಕಾರಣ. ಕಾರ್ಬನ್ ಮಾನಾಕ್ಸೈಡನ್ನು ಈ ಇದ್ದಲು ತಡೆಯುವುದೇ ಇಲ್ಲ. ಆಮ್ಲಜನಕ ಕಡಮೆಯಾದೆಡೆ ಯಾವ ಶೋಧಕ ಡಬ್ಬಿಯೂ ಉಪಯೋಗಕ್ಕೆ ಬಾರದು.

ಇಷ್ಟೆಲ್ಲ ಲೆಕ್ಕವೇಕೆ, ವಾಸನೆ ಬಂದಾಗ ಡಬ್ಬಿಯನ್ನು ಬದಲಾಯಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಬಹುಕಾಲ ಇದೇ ಪದ್ಧತಿ ನಡೆದಿತ್ತು. ಆದರೆ ಮೂಗು ನಂಬಿಕೆಗೆ ಯೋಗ್ಯವಾದ ಕಾವಲುಗಾರನಲ್ಲ. ಬೆಂಜೀನಿನ ವಾಸನೆ ಮೂಗಿಗೆ ತಿಳಿಯುವ ವೇಳೆಗೆ ಅಮೆರಿಕದ ಕಾನೂನು ವಿಧಿಸಿದ, ದಶಲಕ್ಷಕ್ಕೆ ಒಂದು ಭಾಗವೆಂಬ ಮೇರೆಯನ್ನು ಅದು ಮೀರಿರುವ ಸಂಭವವೇ ಹೆಚ್ಚು. ಹೈಡ್ರೊಜನ್ ಸಲ್ಫೈಡು ಮೊದಲು ನಾರಿದರೂ ಬಳಿಕ ಮೂಗನ್ನೇ ಮರವಾಗಿಸುವುದು. ಘ್ರಾಣಶಕ್ತಿ ಒಬ್ಬರಿಂದ ಒಬ್ಬರಿಗೆ ಭಿನ್ನ. ನೆಗಡಿಯಾದವನಿಗೆ ಅದೂ ಇಲ್ಲ. ಆದಕಾರಣವೇ ಅಮೆರಿಕದ ಸರ್ಕಾರವು 1998ರ ನಿಯಮದಲ್ಲಿ ವಾಸನೆಯ ಆಧಾರವನ್ನು ಬಿಟ್ಟು, ಡಬ್ಬಿಯಲ್ಲಿಯೇ ಸೂಚಕವಿಲ್ಲದಿದ್ದರೆ ಬದಲಾವಣೆಯ ವೇಳಾಪಟ್ಟಿಯನ್ನು ಲೆಕ್ಕದಿಂದ ಗೊತ್ತುಮಾಡಬೇಕೆಂದು ಮಾಲೀಕರಿಗೆ ವಿಧಿಸಿತು. ಬಣ್ಣ ಬದಲಾಯಿಸಿ ಮುನ್ಸೂಚನೆ ಕೊಡುವ ಡಬ್ಬಿಗಳು ಪಾದರಸದ ಆವಿಯಂತಹ ಕೆಲವೇ ಪದಾರ್ಥಗಳಿಗೆ ಉಂಟು.

ಲೆಕ್ಕಕ್ಕೆ ಸುಲಭವಾಗಿ ಸಿಕ್ಕದ ಎರಡು ಅಪಾಯಗಳನ್ನು ಇಲ್ಲಿಯೇ ಹೇಳಬೇಕು. ಮೊದಲನೆಯದು, ಅರ್ಧ ಬಳಸಿದ ಡಬ್ಬಿಯನ್ನು ರಾತ್ರಿ ತೆಗೆದಿಟ್ಟು ಮರುದಿನ ಧರಿಸುವುದು. ಸಡಿಲವಾಗಿ ಅಂಟಿದ ಅಣುಗಳು ರಾತ್ರಿಯೆಲ್ಲ ಇದ್ದಲಿನೊಳಗೆ ಮೆಲ್ಲನೆ ಸರಿದು ಒಳಬದಿಯನ್ನು ಸೇರುವುವು. ಬೆಳಗಿನ ಮೊದಲನೆಯ ಉಸಿರಿನೊಡನೆಯೇ ಅವು ಹೊರಬೀಳಬಹುದು. 65 ಡಿಗ್ರಿಗಿಂತ ಕೆಳಗೆ ಕುದಿಯುವ ಪದಾರ್ಥಗಳಲ್ಲಿ ಈ ಭಯ ಹೆಚ್ಚಾದುದರಿಂದ ಅಂತಹ ಡಬ್ಬಿಯನ್ನು ಒಂದು ಪಾಳಿಯ ಬಳಿಕ ಎಸೆಯುವುದೇ ಲೇಸು. ಎರಡನೆಯದು, ಹಲವು ಆವಿಗಳು ಕಲೆತಿರುವುದು. ಬಲವಾಗಿ ಅಂಟುವ ಆವಿಯು ಮೊದಲೇ ನೆಲಸಿದ ಹಗುರವಾದ ಆವಿಯನ್ನು ಹೊರದೂಡುವುದು. ಆಗ ಡಬ್ಬಿಯಿಂದ ಹೊರಬರುವ ಹಗುರ ಆವಿಯ ಸಾಂದ್ರತೆ ಒಳಬರುವುದಕ್ಕಿಂತಲೂ ಕೆಲಕಾಲ ಹೆಚ್ಚಾಗಬಹುದು. ಆದುದರಿಂದ ಮಿಶ್ರಣದಲ್ಲಿ ಎಲ್ಲಕ್ಕಿಂತ ಬೇಗ ನುಸುಳುವ ಪದಾರ್ಥವನ್ನೇ ಗಮನದಲ್ಲಿಟ್ಟು ಅವಧಿಯನ್ನು ಕಟ್ಟಬೇಕು.

ಮೇಲ್ಕಂಡ ವಿಷಯಗಳಿಂದ ಫಲಿಸುವುದಿಷ್ಟು. ಕೆಲಸದ ಸ್ಥಳದಲ್ಲಿ ಆವಿಯ ಸಾಂದ್ರತೆಯನ್ನು ಅಳೆದು, ಅತ್ಯಂತ ಕಠಿನವಾದ ದುಡಿಮೆಯನ್ನೂ ಅತ್ಯಂತ ತೇವದ ದಿನವನ್ನೂ ಲೆಕ್ಕಕ್ಕೆ ಹಿಡಿದು, ಬಂದ ಉತ್ತರದಲ್ಲಿ ಇನ್ನೂ ಒಂದು ಪಾಲನ್ನು ಕ್ಷೇಮಕ್ಕಾಗಿ ಬಿಟ್ಟು, ಉಳಿದ ಕಾಲವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. ಆ ಹೊತ್ತು ಬಂದಾಗ ಡಬ್ಬಿ ಇನ್ನೂ ಚೆನ್ನಾಗಿರುವಂತೆ ತೋರಿದರೂ ಅದನ್ನು ಬದಲಾಯಿಸಬೇಕು. ಹೀಗೆ ಮಾಡುವುದರಲ್ಲಿ ಸ್ವಲ್ಪ ಇದ್ದಲು ನಷ್ಟವಾಗುವುದು ದಿಟ. ಆದರೆ ಲೆಕ್ಕ ಒಂದು ಕಡೆಗೆ ತಪ್ಪಿದರೆ ಹೋಗುವುದು ಒಂದು ಡಬ್ಬಿಯ ಬೆಲೆ; ಇನ್ನೊಂದು ಕಡೆಗೆ ತಪ್ಪಿದರೆ ಹೋಗುವುದು ಒಬ್ಬ ಮನುಷ್ಯನ ಆರೋಗ್ಯ. ಯಾವ ಕಡೆಗೆ ತಪ್ಪಬೇಕೆಂಬುದನ್ನು ತಿಳಿಯಲು ಸಮೀಕರಣದ ಅಗತ್ಯವಿಲ್ಲ.