ಗೋಬಿ ಮಂಚೂರಿ ಎಲ್ಲಿಯದು?

ಭಾನುವಾರ ರಾತ್ರಿ, ಬಡಾವಣೆಯ ಚೈನೀಸ್ ಹೋಟೆಲ್. ಟೇಬಲ್ ತುಂಬ ಮನೆಮಂದಿ. ಮೊದಲು ಒನ್ ಬೈ ಟು ಸೂಪ್, ಹಿಂದೆಯೇ ಗೋಬಿ ಮಂಚೂರಿ. ಅಜ್ಜಿ ಕೇಳ್ತಾರೆ, "ಚೀನಾದವರು ದಿನಾ ಇದನ್ನೇ ತಿಂತಾರೇನೋ?"

ಇಲ್ಲ ಅಜ್ಜಿ, ಇದು ನಮ್ಮ ದೇಶದ್ದೇ!

ಕೋಲ್ಕತ್ತದ ಟಾಂಗ್ರಾದಲ್ಲಿ ನೆಲೆಸಿದ ಹಕ್ಕಾ ಚೀನಿಯರು ಚರ್ಮ ಹದ ಮಾಡುತ್ತಿದ್ದರು, ಹೋಟೆಲನ್ನೂ ನಡೆಸಿದರು. ಅದೇ ಕೋಲ್ಕತ್ತದಲ್ಲಿ ಹುಟ್ಟಿದವರು ನೆಲ್ಸನ್ ವಾಂಗ್. 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಅವರು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದರು. ಗರಂ ಮಸಾಲೆ ಬಿಟ್ಟರು, ಸೋಯಾ ಸಾಸ್ ಸುರಿದರು. ಚಿಕನ್ ಮಂಚೂರಿಯನ್ ಹುಟ್ಟಿದ್ದು ಹೀಗೆ ಅಂತಾರೆ. ಆಮೇಲೆ ಕೋಳಿ ಜಾಗಕ್ಕೆ ಹೂಕೋಸು ಬಂತು. ಇಲ್ಲದಿದ್ದರೆ ನಮ್ಮ ಅಜ್ಜಿ ಈ ಹೋಟೆಲ್ ಮೆಟ್ಟಿಲು ಹತ್ತುತ್ತಿದ್ದರೇ?

ಆ ಹೊಳಪಿನ ಗ್ರೇವಿ ನೋಡಿ. ತಣ್ಣೀರಲ್ಲಿ ಕದಡಿದ ಕಾರ್ನ್‌ಫ್ಲೋರ್ ಕುದಿಯುವ ಸಾಸ್‌ಗೆ ಬೀಳುತ್ತೆ. ಬಿಸಿಗೆ ಪಿಷ್ಟ ನೀರು ಹೀರಿ ಉಬ್ಬುತ್ತೆ, ಸಾಸ್ ಗಟ್ಟಿಯಾಗುತ್ತೆ. ಆದರೆ ಅದೇ ಸಾಸ್‌ನ ತೇವ ಕರಿದ ಹಿಟ್ಟಿಗೆ ಇಳಿದರೆ ಗರಿಗರಿ ಹೋಯ್ತು. ಫೋಟೊ ಆಮೇಲೆ, ಮೊದಲು ತಿನ್ನಿ.

ಇನ್ನು ಬಣ್ಣ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಹಾಗಾಗಿ ಕಂದು ಗೋಬಿ ಬಂದರೆ ಮುಖ ಸಿಂಡರಿಸಬೇಡಿ. ಕುಂಕುಮದಷ್ಟು ಕೆಂಪಗೆ ಬಂದರೆ ಮಾತ್ರ, "ಬಣ್ಣ ಹಾಕಿದ್ದೀರಾ?" ಅಂತ ಕೇಳಿಯೇ ಚಮಚ ಎತ್ತಿ.