ಸಾಕುವ ಕೈ ಕಟ್ಟುವ ಕೈ ಆಗದಿರಲಿ

ಶ್ರಾವಕನ ಐದು ಅಣುವ್ರತಗಳಲ್ಲಿ ಅಹಿಂಸೆ ಮೊದಲನೆಯದು. ಆ ವ್ರತವನ್ನು ಸ್ವೀಕರಿಸಿದವನು ಜೀವವನ್ನು ಕೊಲ್ಲುವುದಿಲ್ಲ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ತಗುಲಬಹುದಾದ ಅತಿಚಾರಗಳನ್ನು ಹೆಸರಿಸುವಾಗ ಕೊಲೆಯ ಪ್ರಸ್ತಾಪವನ್ನೇ ಮಾಡುವುದಿಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಇವೇ ಆ ಐದು. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ಕೊಡದಿರುವುದು ಎಂದು ಇವುಗಳ ಅರ್ಥ. ಇಲ್ಲಿ ವಧವೆಂದರೆ ಕೋಲು, ಚಾಟಿ, ಬೆತ್ತಗಳಿಂದ ಹೊಡೆಯುವುದು ಎಂದೇ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ.

ಈ ಪಟ್ಟಿಯನ್ನು ಸಾವಧಾನವಾಗಿ ಓದಿದರೆ ಒಂದು ಸಂಗತಿ ಗೋಚರಿಸುತ್ತದೆ. ಈ ಐದೂ ದೋಷಗಳು ನಮ್ಮ ವಶದಲ್ಲಿರುವ ಜೀವದ ಮೇಲೆಯೇ ಹೆಚ್ಚಾಗಿ ನಡೆಯುವಂಥವು. ಕಾಡಿನ ಜಿಂಕೆಗೆ ನಾವು ಹೊರೆ ಹೇರಲಾರೆವು. ಕೆರೆಯ ಕೊಕ್ಕರೆಗೆ ಉಪವಾಸ ಕೆಡವಲಾರೆವು. ನಮ್ಮ ಅಂಗಳದಲ್ಲಿರುವ, ನಮ್ಮನ್ನೇ ನಂಬಿರುವ ಪ್ರಾಣಿಗೆ ಮಾತ್ರ ಇವನ್ನೆಲ್ಲ ಮಾಡಬಲ್ಲೆವು. ಆದ್ದರಿಂದ ಈ ಸೂತ್ರವು ಬೇಟೆಗಾರನಿಗಿಂತ ಹೆಚ್ಚಾಗಿ ಮುದ್ದಿನಿಂದ ಪ್ರಾಣಿಪಕ್ಷಿಗಳನ್ನು ಸಾಕುವ ಗೃಹಸ್ಥನಿಗೇ ಹೇಳಿದ ಮಾತಾಗಿದೆ. ಐದರಲ್ಲಿ ಬಂಧವೇ ಮೊದಲು ಬಂದಿರುವುದೂ ಗಮನಾರ್ಹ.

ಇಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಮನೆಗಳಲ್ಲಿ ಆಕಳು, ಎಮ್ಮೆ, ನಾಯಿಗಳ ಜೊತೆಗೆ ಹೊಸ ಬಗೆಯ ಸಾಕುಪ್ರಾಣಿಗಳೂ ಕಾಣುತ್ತಿವೆ. ಪಡಸಾಲೆಯಲ್ಲಿ ಪಂಜರದ ಗಿಳಿ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು, ಮೂಲೆಯಲ್ಲಿ ಮೊಲ. ಕೆಲವೆಡೆ ಗುಟ್ಟಾಗಿ ನಕ್ಷತ್ರ ಆಮೆಯೂ ಉಂಟು. ಆಮೆಯಿದ್ದರೆ ಮನೆಯಲ್ಲಿ ಹಣ ಕೂಡುತ್ತದೆ ಎಂಬ ಭ್ರಮೆ ಅದಕ್ಕೆ ಕಾರಣ. ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತರ ಲಾಂಛನವೇ ಆಮೆ. ಆ ಬಿಂಬದ ಪೀಠಕ್ಕೆ ಕೈಮುಗಿದು ಬಂದವರು ಅದೇ ಜೀವವನ್ನು ಧನಲೋಭದಿಂದ ತೊಟ್ಟಿಯಲ್ಲಿ ಇಡುವುದು ಹೇಗೆ ಸಂಗತವಾದೀತು? ಇಲ್ಲಿ ಬಂಧದೋಷದೊಂದಿಗೆ ಪರಿಗ್ರಹವೂ ಕೂಡಿಕೊಳ್ಳುತ್ತದೆ.

ಗಿಳಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಪಂಜರದ ಗಿಳಿಯನ್ನು ಯಾರೂ ದ್ವೇಷದಿಂದ ಸಾಕುವುದಿಲ್ಲ. ಹಣ್ಣು, ಹಸಿಮೆಣಸಿನಕಾಯಿ ತಿನ್ನಿಸುತ್ತಾರೆ, ಹೆಸರಿಟ್ಟು ಕರೆಯುತ್ತಾರೆ, ಮಾತು ಕಲಿಸುತ್ತಾರೆ. ಆದರೆ ಆ ಗಿಳಿ ಪಡಸಾಲೆಗೆ ಬಂದ ದಾರಿಯನ್ನು ಯೋಚಿಸಬೇಕು. ಮರದ ಪೊಟರೆಗೆ ಕೈಹಾಕಿ ಕಣ್ಣು ಬಿಡದ ಮರಿಗಳನ್ನು ಹೊರತೆಗೆದು, ಬುಟ್ಟಿಯಲ್ಲಿ ತುಂಬಿ ಸಂತೆಗೆ ಒಯ್ಯುತ್ತಾರೆ. ದಾರಿಯಲ್ಲಿ ಸಾಯುವ ಮರಿಗಳು ಸಾಯುತ್ತವೆ. ಉಳಿದದ್ದು ನಮ್ಮ ಮನೆಗೆ ಬರುತ್ತದೆ. ಹಾರಿಹೋಗದಿರಲೆಂದು ರೆಕ್ಕೆಯ ಗರಿ ಕತ್ತರಿಸಿದರೆ ಬಂಧದೊಂದಿಗೆ ಛೇದವೂ ಆಯಿತು. ಕೊಂಡವನು ತಾನು ಹಿಡಿಯಲಿಲ್ಲವೆಂದು ಹೇಳಿ ಪಾರಾಗಲಾರ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲಿಯೂ ಕರ್ಮಾಸ್ರವವಾಗುತ್ತದೆ ಎಂದು ಶಾಸ್ತ್ರವು ಸ್ಪಷ್ಟವಾಗಿ ಹೇಳಿದೆ. ಕೊಳ್ಳುವವನಿದ್ದಾನೆ ಎಂದೇ ಹಿಡಿಯುವವನು ಮರ ಹತ್ತುತ್ತಾನೆ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ನಕ್ಷತ್ರ ಆಮೆಗೆ ಇದೇ ಕಾಯ್ದೆಯಲ್ಲಿ ಅತ್ಯುನ್ನತ ರಕ್ಷಣೆಯಿದೆ. 2019ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವೂ ಅದರ ವ್ಯಾಪಾರಕ್ಕೆ ಕಠಿಣ ನಿರ್ಬಂಧ ಹಾಕಿತು. ಕಾನೂನಿಗೆ ಹೆದರಿ ಬಿಡುವುದಕ್ಕಿಂತ ವ್ರತವನ್ನು ನೆನೆದು ಬಿಡುವುದು ಶ್ರಾವಕನಿಗೆ ಶೋಭೆ. ಆದರೆ ವರ್ಷಗಟ್ಟಲೆ ಪಂಜರದಲ್ಲಿದ್ದ ಹಕ್ಕಿಯನ್ನು ಒಮ್ಮೆಲೇ ಬಾಗಿಲು ತೆರೆದು ಹಾರಿಸಿದರೆ ಅದು ಬೆಕ್ಕಿಗೋ ಕಾಗೆಗೋ ಆಹಾರವಾಗುತ್ತದೆ. ಲವ್‌ಬರ್ಡ್ಸ್ ಎಂದು ನಾವು ಕರೆಯುವ ಬಣ್ಣದ ಹಕ್ಕಿಗಳ ಮೂಲ ಆಸ್ಟ್ರೇಲಿಯಾ. ನಮ್ಮ ಬಯಲಿನಲ್ಲಿ ಅವು ಬದುಕಲಾರವು. ನಾಡಿನ ಹಕ್ಕಿಯನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದು, ಪಂಜರದಲ್ಲಿಯೇ ಹುಟ್ಟಿದ ವಿದೇಶೀ ಹಕ್ಕಿಯನ್ನು ಅದರ ಆಯುಷ್ಯ ಮುಗಿಯುವತನಕ ವಿಶಾಲವಾದ ಜಾಗದಲ್ಲಿ ಸಲಹಿ ಮತ್ತೆ ಹೊಸದನ್ನು ತರದಿರುವುದು ವಿವೇಕದ ಮಾರ್ಗ. ದಯೆಗೆ ಜ್ಞಾನವು ಜೊತೆಯಾಗಿರಬೇಕು.

ಒಂದು ವೈಶಾಖದ ಸಂಜೆ ಗಾಳಿಮಳೆಗೆ ನಮ್ಮ ಹಿತ್ತಲಿನ ಮಾವಿನ ಟೊಂಗೆ ಮುರಿದು, ಪೊಟರೆಯಲ್ಲಿದ್ದ ಗಿಳಿಮರಿಯೊಂದು ನೆಲಕ್ಕೆ ಬಿತ್ತು. ಮೊಮ್ಮಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು, “ಇದನ್ನ ನಾನ ಸಾಕ್ತೀನಿ, ಮಾತು ಕಲಸ್ತೀನಿ” ಎಂದ. ಅವನ ಅಜ್ಜಿ ಮರದತ್ತ ಕೈತೋರಿಸಿ, “ಅಲ್ಲಿ ಅದರ ಅವ್ವ ಒದರಾಕತ್ತೈತಿ, ಕೇಳಸವಲ್ದೇನು ನಿನಗ?” ಎಂದಳು. ಹುಡುಗ ಮರಿಯನ್ನು ನೋಡಿದ, ಮರವನ್ನು ನೋಡಿದ, ಮಾತಾಡಲಿಲ್ಲ. ಬಿದಿರಿನ ಬುಟ್ಟಿಗೆ ಹಳೆಯ ಬಟ್ಟೆ ಹಾಸಿ, ಮರಿಯನ್ನು ಅದರಲ್ಲಿಟ್ಟು, ಬೆಕ್ಕಿಗೆ ಎಟುಕದಷ್ಟು ಎತ್ತರದ ಟೊಂಗೆಗೆ ಕಟ್ಟಿದೆವು. ಮರುದಿನ ಬೆಳಗಿನಲ್ಲಿ ತಾಯಿಹಕ್ಕಿ ಬುಟ್ಟಿಯ ಅಂಚಿನ ಮೇಲೆ ಕುಳಿತು ಗುಟುಕು ಕೊಡುತ್ತಿತ್ತು. ಕೆಲವು ದಿನಗಳ ಮೇಲೆ ಬುಟ್ಟಿ ಬರಿದಾಯಿತು. ಹುಡುಗನಿಗೆ ಬೇಸರವಾದದ್ದು ನಿಜ. ಅಂಥ ಬೇಸರವನ್ನು ಮಕ್ಕಳಿಗೆ ತಪ್ಪಿಸಬಾರದು ಎಂದೇ ನನ್ನ ಅಭಿಪ್ರಾಯ. ಮಮತೆಯಿದ್ದೂ ತನ್ನದಾಗಿಸಿಕೊಳ್ಳದಿರುವುದು ಅಪರಿಗ್ರಹದ ಮೊದಲ ಪಾಠ. ಅದನ್ನು ಪುಸ್ತಕದಿಂದ ಕಲಿಸುವುದು ಕಷ್ಟ.

ಸಾಕುಪ್ರಾಣಿಯನ್ನು ನೋಡುವ ದೃಷ್ಟಿಯನ್ನೇ ಬದಲಿಸುವ ಕಥೆಯೊಂದು ಕನ್ನಡದಲ್ಲಿದೆ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ರಾಜ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಸಂಕಲ್ಪಹಿಂಸೆಯ ಫಲವಾಗಿ ಮಗನು ನವಿಲಾಗಿ, ತಾಯಿಯು ನಾಯಿಯಾಗಿ ಹುಟ್ಟಿ, ಯಶೋಧರನ ಮಗನಾದ ಯಶೋಮತಿಯ ಅರಮನೆಗೇ ಕಾಣಿಕೆಯಾಗಿ ಬರುತ್ತಾರೆ. ಯಶೋಮತಿ ಅವೆರಡನ್ನೂ ಪ್ರೀತಿಯಿಂದ ಸಾಕುತ್ತಾನೆ. ಅವು ತನ್ನ ತಂದೆ ಮತ್ತು ಅಜ್ಜಿ ಎಂಬುದು ಅವನಿಗೆ ತಿಳಿಯದು. ಕೊನೆಗೆ ನಾಯಿ ನವಿಲನ್ನು ಕಚ್ಚುತ್ತದೆ. ಕೋಪಗೊಂಡ ಅರಸ ನಾಯಿಯನ್ನು ಹೊಡೆದು ಕೊಲ್ಲುತ್ತಾನೆ. ನಮ್ಮ ಬಾಗಿಲಲ್ಲಿ ಕಟ್ಟಿದ ಪ್ರಾಣಿಯ ಜೀವವೂ ಅನಾದಿಯಿಂದ ಭವಗಳನ್ನು ದಾಟಿಬಂದ ಜೀವವೇ, ನಮಗೆ ಹಿಂದೆ ಯಾವುದೋ ಸಂಬಂಧದಲ್ಲಿ ಇದ್ದಿರಬಹುದಾದ ಜೀವವೇ ಎಂಬ ಎಚ್ಚರವನ್ನು ಜನ್ನನ ಕಾವ್ಯ ಕೊಡುತ್ತದೆ.

ಹಾಗಾದರೆ ಗೃಹಸ್ಥನು ಯಾವ ಪ್ರಾಣಿಯನ್ನೂ ಸಾಕಬಾರದೆ? ಹಾಗೆ ಶಾಸ್ತ್ರ ಹೇಳಿಲ್ಲ. ಒಕ್ಕಲುತನವಿರುವ ಮನೆಯಲ್ಲಿ ಎತ್ತು, ಆಕಳು ಇದ್ದೇ ಇರುತ್ತವೆ. ಕಟ್ಟುವುದು ಅನಿವಾರ್ಯವಾದರೆ ಹಗ್ಗ ಸಡಿಲವಾಗಿರಲಿ, ಬೆಂಕಿ ಬಿದ್ದಾಗ ಬಿಡಿಸಿಕೊಂಡು ಓಡುವಂತಿರಲಿ ಎಂಬಷ್ಟು ಸೂಕ್ಷ್ಮ ವಿವೇಚನೆಯನ್ನು ಶ್ರಾವಕಾಚಾರವು ಮಾಡಿದೆ. ನಮ್ಮ ಭಾಗದಲ್ಲಿ ದೀಪಾವಳಿಯ ಹೊತ್ತಿಗೆ ಹೋರಿ ಹಬ್ಬ ಬರುತ್ತದೆ. ಕೊಬ್ಬರಿ ಹೋರಿಗಳನ್ನು ವರ್ಷವಿಡೀ ಹುರುಳಿ, ಹತ್ತಿಕಾಳು ತಿನ್ನಿಸಿ ಮನೆಯ ಮಗನಂತೆ ಬೆಳೆಸುವ ರೈತರನ್ನು ನಾನು ಬಲ್ಲೆ. ವರ್ಷವೆಲ್ಲ ತೋರಿದ ಆ ಅಕ್ಕರೆ ಹಬ್ಬದ ದಿನದ ಕೂಗಾಟದಲ್ಲಿ, ಬಾಲ ತಿರುಚುವುದರಲ್ಲಿ, ಬೆತ್ತದ ಏಟಿನಲ್ಲಿ ಕೊಚ್ಚಿಹೋಗಬಾರದು. ಮದುವೆಗೋ ಯಾತ್ರೆಗೋ ಹೋಗುವಾಗ ನಾಯಿಯನ್ನು ಗೇಟಿನೊಳಗೆ ಕಟ್ಟಿ, ಒಂದು ಬೋಗುಣಿ ನೀರಿಟ್ಟು ಎರಡು ದಿನ ಮರೆಯುವವರಿದ್ದಾರೆ. ಶಿಖರ್ಜಿಯ ವಂದನೆಗೆ ಹೊರಟವರ ಮನೆಯಲ್ಲಿಯೇ ಅನ್ನಪಾನನಿರೋಧ ನಡೆದರೆ ಯಾತ್ರೆಯ ಪುಣ್ಯಕ್ಕೆ ಅರ್ಥವೇನು?

ಬೆಕ್ಕಿನ ಬಗೆಗೂ ಒಂದು ಮಾತು. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಸೇರಿಸಿದೆ. ಬೆಕ್ಕನ್ನು ಹಳಿಯುವುದು ಅದರ ಉದ್ದೇಶವಲ್ಲ; ಅದರ ಸ್ವಭಾವ ಅದರದು. ನಾವು ಸಾಕಿದ ಪ್ರಾಣಿ ಅಳಿಲು, ಗುಬ್ಬಿಗಳನ್ನು ಹಿಡಿದರೆ ಅದರ ಹೊಣೆಯಲ್ಲಿ ನಮಗೂ ಪಾಲುಂಟು ಎಂಬುದೇ ತಾತ್ಪರ್ಯ. ಈಗಾಗಲೇ ಮನೆಯಲ್ಲಿರುವ ಬೆಕ್ಕನ್ನು ಬೀದಿಗಟ್ಟುವುದು ಇನ್ನೊಂದು ಹಿಂಸೆ. ಹೊತ್ತಿಗೆ ಸರಿಯಾಗಿ ಉಣಿಸಿ, ಹಕ್ಕಿಗಳು ಮರಿಮಾಡುವ ಕಾಲದಲ್ಲಿ ಒಳಗಿಟ್ಟುಕೊಂಡು ಜಾಗರೂಕರಾಗಿರಬೇಕು.

ಮಕ್ಕಳಿಗೆ ಪ್ರಾಣಿಪಕ್ಷಿಗಳ ಸಹವಾಸ ಬೇಕು ಎಂಬುದನ್ನು ಒಪ್ಪಲೇಬೇಕು. ಅದಕ್ಕೆ ಪಂಜರಕ್ಕಿಂತ ಉತ್ತಮವಾದ ದಾರಿ ಹೊರಸಂಚಾರ. ಶೀಗಿ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಉಣ್ಣುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಆ ಹೊಲವೇ ಜೀವವಿಚಾರದ ಪಾಠಶಾಲೆಯಾಗಬಲ್ಲದು. ಸ್ಪರ್ಶವೊಂದನ್ನೇ ಬಲ್ಲ ಗಿಡ ಏಕೇಂದ್ರಿಯ. ರುಚಿಯನ್ನೂ ಬಲ್ಲ ಎರೆಹುಳ ದ್ವೀಂದ್ರಿಯ. ವಾಸನೆ ಹಿಡಿದು ಸಾಲುಗಟ್ಟುವ ಇರುವೆ ತ್ರೀಂದ್ರಿಯ. ಕಣ್ಣುಳ್ಳ ಜೇನುನೊಣ ಚತುರಿಂದ್ರಿಯ. ಕೂಗಿಗೆ ಕಿವಿಗೊಡುವ ಹಕ್ಕಿ ಪಂಚೇಂದ್ರಿಯ. ಬದುವಿನ ಮೇಲೆ ನಡೆಯುತ್ತ ಇವನ್ನು ಗುರುತಿಸಲು ಹೇಳಿದರೆ ಮಕ್ಕಳು ತಾವಾಗಿಯೇ ಕಾಲಡಿ ನೋಡಿ ಹೆಜ್ಜೆಯಿಡುತ್ತಾರೆ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಈರ್ಯಾಸಮಿತಿಯ ಸಣ್ಣ ಅಭ್ಯಾಸ ಅಲ್ಲಿಯೇ ಆಗುತ್ತದೆ.

ಸವಣೂರಿನ ದೊಡ್ಡಹುಣಸೆ ಮರಗಳನ್ನು ತೋರಿಸಬಹುದು. ಆಫ್ರಿಕಾ ಮೂಲದ ಈ ಮಹಾವೃಕ್ಷಗಳ ಹೂವು ರಾತ್ರಿಯಲ್ಲಿ ಅರಳುತ್ತದೆ. ಬಾವಲಿಗಳು ಮಕರಂದಕ್ಕೆ ಬಂದು ಪರಾಗವನ್ನು ಒಯ್ಯುತ್ತವೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆ ಎಂಬ ಸೂತ್ರಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು. ಹಾನಗಲ್ಲಿನ ಆನೆಕೆರೆ, ಹಿರೇಕೆರೂರು ಸೀಮೆಯ ಮದಗದ ಕೆರೆ, ನೆರೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗಳಿಗೂ ಹೋಗಿಬರಬಹುದು. ಹಿಮಾಲಯದ ಆಚೆಯಿಂದ ಚಳಿಗಾಲಕ್ಕೆ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದಂಡೆಯಲ್ಲಿ ಮೌನವಾಗಿ ಕುಳಿತು ನೋಡುವುದೂ ಒಂದು ಬಗೆಯ ಸಾಮಾಯಿಕವೇ ಸರಿ. ಫೋಟೊ ಚೆನ್ನಾಗಿ ಬರಲೆಂದು ಕಲ್ಲೆಸೆದು ಹಿಂಡನ್ನು ಎಬ್ಬಿಸುವುದು ಪ್ರಮಾದಚರ್ಯೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದನ್ನೆಲ್ಲ ಆಚಾರ್ಯ ಸಮಂತಭದ್ರರು ಈ ಹೆಸರಿನಿಂದಲೇ ನಿಷೇಧಿಸಿದ್ದಾರೆ.

ದಾರಿಬದಿಯ ಮಂಗಗಳಿಗೆ ಕಾರಿನ ಕಿಟಕಿಯಿಂದ ಚಿಪ್ಸ್ ಎಸೆಯುವುದನ್ನು ಅನೇಕರು ದಾನವೆಂದು ತಿಳಿದಿದ್ದಾರೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಚಾರದಿಂದ ದಾನದ ಫಲ ಬದಲಾಗುತ್ತದೆ. ಉಪ್ಪು ಎಣ್ಣೆಯ ತಿಂಡಿಗೆ ಒಗ್ಗಿದ ಮಂಗ ಕಾಡಿನ ಹಣ್ಣನ್ನು ಮರೆಯುತ್ತದೆ, ವಾಹನದ ಗಾಲಿಗೆ ಸಿಲುಕುತ್ತದೆ, ಸಮೀಪದ ರೈತನ ಗೋವಿನಜೋಳಕ್ಕೆ ನುಗ್ಗುತ್ತದೆ. ಕೊಟ್ಟವರ ಸಂತೋಷಕ್ಕೆ ಪಡೆದವರೂ ನೆರೆಯವರೂ ಬೆಲೆ ತೆರಬೇಕಾಗುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಕುಟುಂಬಸಮೇತ ನೋಡಲೇಬೇಕಾದ ಒಂದು ಸ್ಥಳವೆಂದರೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಉತ್ತರಪುರಾಣದಿಂದ ಪೂರ್ಣಗೊಳಿಸಿದರು. ಆ ಗ್ರಂಥಕ್ಕೆ 898ರಲ್ಲಿ ಪೂಜೆ ಸಂದದ್ದು ಈ ಊರಿನಲ್ಲಿ. ಗಂಗ ಅರಸ ಮಾರಸಿಂಹನು 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಸ್ವೀಕರಿಸಿದ್ದೂ ಇಲ್ಲಿಯೇ. ಇಂದು ಅದೇ ಊರಿನ 139 ಎಕರೆಯ ಕೋಟೆಯಾವರಣದಲ್ಲಿ ಒಂದೆಡೆ ಖಿಲಾರಿ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ಕಂದಕದ ಪೊದೆಗಳಲ್ಲಿ ನವಿಲುಗಳು ಸ್ವಚ್ಛಂದವಾಗಿ ಬಾಳುತ್ತಿವೆ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಕೊನೆಯದು ಪ್ರಾಣಿಪಕ್ಷಿಗಳಿಗೆ ಮೀಸಲು ಎಂದು ಓದಿದವರಿಗೆ ಆ ನೋಟ ಮನಮುಟ್ಟದೆ ಇರದು.

ಬಂಕಾಪುರದ ಸುತ್ತಲಿನ ರೈತರ ಕಷ್ಟವನ್ನೂ ಮರೆಯಬಾರದು. ಬಿತ್ತಿದ ಕಾಳನ್ನು, ಎಳೆಯ ಸಸಿಯನ್ನು ನವಿಲು ಹೆಕ್ಕಿದಾಗ ಆಗುವ ನಷ್ಟ ಸಣ್ಣದಲ್ಲ. ಬೆಳೆ ಕಾಯುವುದು ಗೃಹಸ್ಥನ ಕರ್ತವ್ಯ. ಕಾವಲು, ಬೆದರುಬೊಂಬೆ, ಬಲೆಯ ಹೊದಿಕೆಗಳಿಗೆ ಧರ್ಮದ ಅಡ್ಡಿಯಿಲ್ಲ. ವಿಷದ ಕಾಳು ಚೆಲ್ಲುವುದು ಮಾತ್ರ ಸಂಕಲ್ಪಹಿಂಸೆ. ನವಿಲನ್ನು ನೋಡಿ ಆನಂದಿಸುವ ನಾವು ಆ ರೈತನ ನಷ್ಟಪರಿಹಾರದ ಅರ್ಜಿಗೆ ದನಿಗೂಡಿಸುವುದೂ ಅಹಿಂಸೆಯ ಭಾಗವೇ.

ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿ ನವಿಲುಗರಿಯದು. ಧೂಳು ಹಿಡಿಯದಿರುವುದು, ಬೆವರು ಹೀರದಿರುವುದು, ಮೃದುತ್ವ, ಸುಕುಮಾರತೆ, ಹಗುರತನ ಎಂಬ ಐದು ಗುಣಗಳಿಗಾಗಿ ಆ ಗರಿಯನ್ನು ಆರಿಸಿಕೊಂಡರು. ಕುಳಿತುಕೊಳ್ಳುವ ಮುನ್ನ ಅದರಿಂದ ನೆಲವನ್ನು ಸವರಿ ಸೂಕ್ಷ್ಮಜೀವಿಗಳನ್ನು ಸರಿಸುತ್ತಾರೆ. ಅದಕ್ಕಾಗಿ ಯಾರೂ ನವಿಲನ್ನು ಹಿಡಿಯುವುದಿಲ್ಲ, ಸಾಕುವುದಿಲ್ಲ. ಮಳೆಗಾಲದ ಕೊನೆಗೆ ಹಕ್ಕಿ ತಾನಾಗಿಯೇ ಉದುರಿಸಿದ ಗರಿಯನ್ನು ಆಯ್ದು ತರುತ್ತಾರೆ. ಪ್ರಾಣಿಯಿಂದ ನಾವು ಏನನ್ನು ಪಡೆಯಬಹುದು, ಎಲ್ಲಿಯವರೆಗೆ ಪಡೆಯಬಹುದು ಎಂಬುದಕ್ಕೆ ಆ ಪಿಂಛಿಯೇ ಪ್ರಮಾಣ. ಮುಂದಿನ ಸಲ ಮಗುವೊಂದು ಗಿಳಿ ಬೇಕೆಂದು ಹಟ ಹಿಡಿದರೆ ಗದರಿಸದೆ ಬಂಕಾಪುರಕ್ಕೆ ಕರೆದೊಯ್ಯಿರಿ. ಬುತ್ತಿ ಕಟ್ಟಿಕೊಳ್ಳಿ, ಸೂರ್ಯಾಸ್ತಕ್ಕೆ ಮುನ್ನ ಉಂಡು ಮನೆಗೆ ಮರಳಿರಿ.