ಡೀಸೆಲ್ ಕುಡಿಯುವುದು ಲಾರಿಯೋ, ಚಾಲಕನೋ?

ವಡ್ಡುವಿನಲ್ಲಿ ಬೇಸಾಯದ ಜತೆಗೆ ಎರಡು ಲಾರಿ ಇಟ್ಟಿದ್ದೇನೆ. ತೋರಣಗಲ್ಲಿಗೆ ಅದಿರು ಸಾಗಣೆ. ಒಂದೇ ಮಾದರಿ, ಒಂದೇ ದಾರಿ, ಒಂದೇ ಹೊರೆ. ಆದರೂ ಒಂದಕ್ಕೆ ಲೀಟರಿಗೆ 3.8 ಕಿ.ಮೀ., ಇನ್ನೊಂದಕ್ಕೆ 3.2. ಚಾಲಕ ಡೀಸೆಲ್ ಮಾರ್ತಾನೇನೋ ಅಂತ ಅನುಮಾನ.

ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ ಚಾಲಕವಾರು ಲೆಕ್ಕ ಇಡುತ್ತಾರಲ್ಲ, ನಾನೂ ಹಾಗೇ ಶುರು ಮಾಡಿದೆ. ಪ್ರತಿಸಲ ಒಂದೇ ಬಂಕಿನಲ್ಲಿ ಟ್ಯಾಂಕ್ ಭರ್ತಿ, ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರಿನಿಂದ ಭಾಗಿಸುವುದು. ತಿಂಗಳಾದ ಮೇಲೆ ಚಾಲಕರನ್ನು ಅದಲುಬದಲು ಮಾಡಿದೆ. ನಷ್ಟದ ಬಹುಪಾಲು ಲಾರಿಯಲ್ಲೇ ಉಳಿಯಿತು! ಬಿಚ್ಚಿಸಿದರೆ ಬ್ರೇಕ್ ಗಾಲಿಯನ್ನು ಹಿಡಿದುಕೊಂಡಿತ್ತು. ಉಳಿದ ಚೂರುಪಾರು ಮಾತ್ರ ಚಾಲಕನದು: ಸರದಿಯಲ್ಲಿ ನಿಂತಾಗ ಎಂಜಿನ್ ಆರಿಸುತ್ತಿರಲಿಲ್ಲ. ಈಗ ಆರಿಸುತ್ತಾನೆ.

ಟ್ರ್ಯಾಕ್ಟರಿಗೂ ಇದೇ ಲೆಕ್ಕ, ಕಿ.ಮೀ. ಬದಲು ಗಂಟೆ ಬರೆಯಿರಿ. ಬೈಯುವ ಮೊದಲು ಬರೆದಿಡಿ. ನಾನಂತೂ ಒಳ್ಳೆ ಆಳನ್ನು ಕಳಕೊಳ್ಳುತ್ತಿದ್ದೆ.